ಕೈಯಲ್ಲಿ ಮಾತ್ರ ಕೊಡಬೇಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಯದ ಕೊನೇ ಖಾನೆಯಲ್ಲಿ ಕೆಂಚು ಬಣ್ಣದ ಗಂಡು ಕುದುರೆಮರಿಯೊಂದು ಎದುರು ನಿಂತ ಹೆಂಗಸಿನ ತೋಳಿಗೆ ಬಾಯಿ ಹಾಕಲು ಬರುತ್ತದೆ. ಆಕೆ ಹೊಡೆಯುವುದಿಲ್ಲ, ಗದರುವುದಿಲ್ಲ, ಕೈ ಹಿಂದಕ್ಕೂ ಎಳೆದುಕೊಳ್ಳುವುದಿಲ್ಲ. ಮೊಣಕೈಯನ್ನು ಸುಮ್ಮನೆ ಅಗಲಿಸಿ ನಿಲ್ಲುತ್ತಾಳೆ. ಮರಿ ತಾನೇ ಬಂದು ಮೂತಿ ತಗುಲಿಸಿಕೊಂಡು ಬೆಪ್ಪಾಗುತ್ತದೆ. ಅದರ ಎದೆಗೆ ಅಂಗೈ ಒತ್ತಿ ಹಿಂದೆ ಸರಿಸಿ, ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಮುಂದೆ ಇಳಿಬಿಡುತ್ತಾಳೆ. ಮರಿ ಹಗ್ಗ ಜಗಿಯುತ್ತದೆ, ಆಕೆ ಲದ್ದಿ ಎತ್ತತೊಡಗುತ್ತಾಳೆ.

ಲಾಯದವರೆಲ್ಲ ಆಕೆಯನ್ನು ಬಾಯಕ್ಕ ಎನ್ನುತ್ತಾರೆ. ಬಲು ಬಾಯಿಬಡುಕಿ ಅಂದುಕೊಂಡೀರಿ, ಹಾಗೇನಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅದೇ ಹೆಚ್ಚು. ಕಚ್ಚುವ ಮರಿಗಳ ಬಾಯಿಚಟ ಬಿಡಿಸುವ ಕೆಲಸ ಆಕೆಯದು, ಅದಕ್ಕೇ ಆ ಹೆಸರು. ಲಾಯ ನೋಡಲು ಬಂದವರಿಗೆ ಹಂಚುವ ಬಣ್ಣದ ಪುಸ್ತಕದಲ್ಲಿ ಸವಾರರ ಫೋಟೊ ಇದೆ, ಯಜಮಾನರದು ಇದೆ, ಯಜಮಾನರ ನಾಯಿಯದೂ ಇದೆ. ಬಾಯಕ್ಕನದು ಮಾತ್ರ ಹುಡುಕಿದರೂ ಸಿಗದು.

"ನಮ್ಮ ಕೂಸುಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಳ್ಳಲ್ವಾ? ಇದಕ್ಕೆ ಪಾಪ, ಕೈಯೇ ಇಲ್ಲ. ಹಲ್ಲು ಬೇರೆ ಬರ್ತಿರುತ್ತೆ. ಹೊಡೆದ್ರೆ ಆಟ ಅಂದ್ಕೊಳ್ಳುತ್ತೆ" ಎನ್ನುತ್ತಾಳೆ. ಇದನ್ನು ಕಲಿತದ್ದು ಗಂಡನಿಂದ, ಅಂದರೆ ಗಂಡನ ತಪ್ಪಿನಿಂದ. ಮೊದಲು ಈ ಕೆಲಸ ಆತನದಾಗಿತ್ತು. ಮೂತಿಗೆ ಪಟಾರನೆ ಒಂದು ಬಿಡುವುದಷ್ಟೇ ಆತನಿಗೆ ಗೊತ್ತಿದ್ದ ವಿದ್ಯೆ. ಮರಿಗಳೂ ಏನು ಕಮ್ಮಿ, ಕಚ್ಚಿ ತಪ್ಪಿಸಿಕೊಳ್ಳುವುದನ್ನು ಕಲಿತವು. ಆತನ ತೋರುಬೆರಳಿನ ತುದಿ ಹೋದದ್ದು ಹಾಗೆ. ಈಗ ಸೊಂಟ ಬಿದ್ದು ಮನೆಯಲ್ಲಿದ್ದಾನೆ, ಆ ಮೋಟು ಬೆರಳನ್ನೇ ಎತ್ತಿ ಹೆಂಡತಿಗೆ ಇವತ್ತಿಗೂ ಬುದ್ಧಿ ಹೇಳುತ್ತಾನೆ, ಒಂದು ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು. ಆಕೆ ಕೇಳಿಸಿಕೊಂಡು ಪಾತ್ರೆ ತೊಳೆಯುತ್ತಾಳೆ.

ಈ ಮರಿಯ ಹೆಸರು ಕೆಂಚ. ಬಂದ ಹೊಸದರಲ್ಲಿ ಬಾಗಿಲ ಚೌಕಟ್ಟನ್ನೂ ಬಿಡದೆ ಕಡಿಯುತ್ತಿತ್ತು. ಯಜಮಾನರ ತೋಳಿಗೇ ಹಲ್ಲೂರಿದ ದಿನ ತೀರ್ಮಾನವಾಗಿಹೋಯಿತು: ತಿಂಗಳ ಕೊನೇ ಭಾನುವಾರ ಗೆಳೆಯರ ಜೊತೆ ಬರುತ್ತಾರೆ, ಅಷ್ಟರಲ್ಲಿ ದಾರಿಗೆ ಬರದಿದ್ದರೆ ಮಾರಿಬಿಡುವುದು. ಕಚ್ಚುವ ಕುದುರೆಯನ್ನು ಎಂಥವರು ಕೊಳ್ಳುತ್ತಾರೆ, ಅವರ ಹೊಡೆತಕ್ಕೆ, ಬಿಗಿ ಕಡಿವಾಣಕ್ಕೆ ಅದರ ಬಾಯಿ ಏನಾಗುತ್ತದೆ ಎಂಬುದು ಬಾಯಕ್ಕನಿಗೆ ಗೊತ್ತು. ಚೌಕಟ್ಟಿಗೆ ಕಹಿ ಎಣ್ಣೆ ಬಳಿಯುತ್ತಾಳೆ. ಮರಿಯ ಮುಂದಿರುವ ಹುಲ್ಲು ಖಾಲಿಯಾಗಲು ಬಿಡುವುದಿಲ್ಲ. ಹಗಲೆಲ್ಲ ಸಿಡುಕಿನ ಮುದಿ ಹೆಣ್ಣು ಕುದುರೆಯೊಂದರ ಜೊತೆ ಬಿಡುತ್ತಾಳೆ, ಅದು ಕಿವಿ ಹಿಂದಿಟ್ಟು, ಅತ್ತೆಯ ಹಾಗೆ ಮರಿಯನ್ನು ಅದರ ಜಾಗದಲ್ಲಿಡುತ್ತದೆ. ಎಲ್ಲಕ್ಕಿಂತ ದೊಡ್ಡ ನೇಮ ಒಂದೇ. ತಿನ್ನಲು ಏನು ಕೊಟ್ಟರೂ ಬಕೆಟ್ಟಿಗೆ, ಕೈಯಲ್ಲಿ ಒಂದು ಚೂರೂ ಇಲ್ಲ; ಕೊಟ್ಟರೆ ಮರಿ ಕಂಡ ಕೈಯಲ್ಲೆಲ್ಲ ತಿಂಡಿ ಹುಡುಕುತ್ತದೆ.

ಭಾನುವಾರ ಯಜಮಾನರು ಬರುತ್ತಾರೆ. ಕೆಂಚನ ಮೂತಿ ಸವರುತ್ತಾರೆ. ಮರಿ ತೆಪ್ಪಗೆ ನಿಲ್ಲುತ್ತದೆ. ಬಾಯಕ್ಕನಿಗೆ ಹೋದ ಜೀವ ಬಂದಂತಾಗುತ್ತದೆ. ಅಷ್ಟರಲ್ಲಿ ಯಜಮಾನರು, ಅರೆ, ಎಷ್ಟು ಸಾಧು ಆಗಿದೆಯಲ್ಲ ಎಂದು ಜೇಬಿನಿಂದ ಬಿಸ್ಕತ್ತು ತೆಗೆದು ಅಂಗೈಯಲ್ಲಿಟ್ಟು ತಿನ್ನಿಸುತ್ತಾರೆ. ಬಾಯಕ್ಕ ಬಕೆಟ್ ಹಿಡಿದು ಓಡಿ ಬಂದು, ದಯವಿಟ್ಟು ಇದಕ್ಕೆ ಹಾಕಿ ಅನ್ನುತ್ತಾಳೆ. ಮ್ಯಾನೇಜರ್ ಅಡ್ಡ ಬರುತ್ತಾನೆ.

"ನಿನ್ನ ಕೆಲಸ ಕುದುರೆ ಬಾಯಿ ನೋಡೋದು. ನಿನ್ನ ಬಾಯಿ ಮುಚ್ಕೊಂಡು ಅದನ್ನ ನೋಡು."

ಗೆಳೆಯರು ನಗುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಬಿಸ್ಕತ್ತು ತಿನ್ನಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ತಿಂಗಳಿಡೀ ಪಟ್ಟ ಪಾಡು ಒಂದು ಪೊಟ್ಟಣದಲ್ಲಿ ಮುಗಿದುಹೋಗುತ್ತದೆ.

ಸೋಮವಾರ ಬೆಳಿಗ್ಗೆ ಕೆಂಚ ಬಾಯಕ್ಕನ ಮಡಿಲಲ್ಲಿ ಬಿಸ್ಕತ್ತು ತಡಕಿ, ಸಿಗದೆ, ಅವಳ ತೋಳು ಹಿಡಿಯುತ್ತದೆ. ಆ ವಾರವೇ ಯಜಮಾನರು ಬರಿಗೈಯಲ್ಲಿ ಬಂದು ಮೂತಿ ಸವರುತ್ತಾರೆ, ಮರಿ ಅವರ ಬೆರಳಿಗೇ ಬಾಯಿ ಹಾಕುತ್ತದೆ. ಯಾರೂ ಬೈಯುವುದಿಲ್ಲ. ನಿನ್ನ ಕೈಲಿ ಆಗಲಿಲ್ಲ ಬಿಡು ಎಂದು ಯಜಮಾನರು ಸಮಾಧಾನ ಹೇಳುತ್ತಾರೆ. ಆ ಸಮಾಧಾನವೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯುತ್ತದೆ. ಮರುದಿನ ಲಾರಿ ಬರುತ್ತದೆ.

ಈಗ ಖಾನೆ ಖಾಲಿ, ಚೌಕಟ್ಟಿನಲ್ಲಿ ಹಲ್ಲಿನ ಗುರುತುಗಳಿವೆ. ನಿಮಗೇನು ಬೇಕು ಎಂದು ಕೇಳಿದರೆ ಬಾಯಕ್ಕ ಬಾಗಿಲ ಮೇಲಿನ ಮೊಳೆ ತೋರಿಸುತ್ತಾಳೆ. ಕೈಯಲ್ಲಿ ತಿನ್ನಿಸಬೇಡಿ ಎಂದು ಬರೆದ ಒಂದು ಬೋರ್ಡು ಅಲ್ಲಿ ತೂಗಬೇಕಂತೆ, ಅಷ್ಟೇ. ಬಂದವರಿಗೆ ಬೇಜಾರಾಗುತ್ತದೆ ಎಂದು ಮ್ಯಾನೇಜರ್ ಒಪ್ಪಿಲ್ಲ. ಮುಂದಿನ ಮರಿ ಬರುವ ಮೊದಲು ಇನ್ನೊಮ್ಮೆ ಕೇಳುತ್ತಾಳಂತೆ.

"ಹಗ್ಗಾನೂ ಜೊತೇಲೇ ಕಳಿಸ್ದೆ" ಎನ್ನುತ್ತಾಳೆ. "ಲಾರಿಯವನಿಗೆ ಹೇಳ್ದೆ, ಅಪ್ಪಾ, ದಾರೀಲಿ ಏನು ಕೊಟ್ರೂ ಬಕೆಟ್ಟಿಗೆ ಹಾಕು, ಕೈಯಲ್ಲಿ ಮಾತ್ರ ಕೊಡಬೇಡ ಅಂತ. ಹೂಂ ಅಕ್ಕ ಅಂದ. ಹೂಂ ಅಂತಾನೇ, ತಾನು ತಿಂತಿದ್ದ ಬನ್ ಮುರಿದು ಅದರ ಬಾಯಿಗಿಟ್ಟ."