ಬೆಲೆ ಓದಿಸುವ ಕನ್ನಡಕ

ಕೊರೊನಾ ವರ್ಷದ ಏಪ್ರಿಲ್, ಒಂದು ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಕುರಕುಂಟಾದ ಔಷಧಿ ಅಂಗಡಿಯ ಮುಂದೆ ಇದ್ದವರು: ಸೇಡಂನಿಂದ ಬಂದ ಇನ್ಸ್‌ಪೆಕ್ಟರು, ಪಂಚನಾಮೆಯ ಸಾಕ್ಷಿಯಾಗಿ ನಿವೃತ್ತ ಮಾಸ್ತರನಾದ ನಾನು, ಸಾಲಿನಲ್ಲಿ ಹತ್ತಾರು ಜನ.

ತೂಕ, ಬೆಲೆ ಪರೀಕ್ಷಿಸುವ ಆ ಅಧಿಕಾರಿ ಎಂದೂ ಕೂಗಾಡಿದವರಲ್ಲ. ಸರದಿಯಲ್ಲಿ ನಿಂತು ಮಾಸ್ಕ್ ಕೊಳ್ಳುವರು. ಆಮೇಲೆ ಜೇಬಿನಿಂದ ಹಳೆಯ ಕನ್ನಡಕ ತೆಗೆದು ಅಂಗಡಿಯವರ ಮುಂದಿಟ್ಟು, “ನೀವ ಓದ್ರಿ ಸಾವ್ಕಾರ್ರ,” ಎನ್ನುವರು. ಪೊಟ್ಟಣದ ಮೇಲಿನ ಬೆಲೆಯನ್ನು ಮಾರಿದವರೇ ಸಾಲಿಗೆಲ್ಲ ಕೇಳುವಂತೆ ಓದಬೇಕು.

ಅಂದಿನ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಮಾಸ್ಕನ್ನು ಮೂರು ಪಟ್ಟು ಬೆಲೆಗೆ ಮಾರುತ್ತಿದ್ದ. ಕನ್ನಡಕ ಹಾಕಿಕೊಂಡು ನನ್ನತ್ತ ನೋಡಿದ.

“ಮಾಸ್ತರ್ರ, ಲೈಸನ್ಸ್ ಹೋಗ್ತದ್ರಿ. ನೀವರ ಹೇಳ್ರಿ.”

“ಮೊದ್ಲ ಗಟ್ಟಿಯಾಗಿ ಓದು,” ಎಂದೆ.

ಓದಿದ. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು, “ಯಪ್ಪಾ, ನಿನ್ನಿ ನಂಗ ಮಾರಾಗ ಈ ಕನ್ನಡಕ ಎಲ್ಲಿತ್ತೋ?” ಎಂದಳು.

“ಅಂಗಡಿ ಬಂದ್ ಮಾಡ್ತೀರೇನ್ರಿ?” ಎಂದು ಅವನು ಇನ್ಸ್‌ಪೆಕ್ಟರನ್ನು ಕೇಳಿದ.

“ಊರಾಗ ಇರೋದ ಇದೊಂದ ಅಂಗಡಿ. ಬಂದ್ ಮಾಡಿದ್ರ ಈ ಅಮ್ಮ ಸಕ್ಕರಿ ಗುಳಗಿಗೆ ಎಲ್ಲಿ ಹೋಗ್ಬೇಕ್ರಿ? ದಂಡ ಕಟ್ರಿ. ಹೆಚ್ಚಿಗಿ ತೊಗೊಂಡಿದ್ದು ವಾಪಸ್ ಕೊಡ್ರಿ.”

ಕೊಟ್ಟ. ನಾನು ಪಂಚನಾಮೆಗೆ ಸಹಿ ಹಾಕಿದೆ. ಇನ್ಸ್‌ಪೆಕ್ಟರು ಅದನ್ನು ಬರಿಗಣ್ಣಿನಲ್ಲೇ ಕೊನೆಯ ಸಾಲಿನವರೆಗೆ ಸರಸರನೆ ಓದಿ ಮಡಚಿದರು.

“ಸಾಹೇಬ್ರ, ಕನ್ನಡಕ ಬ್ಯಾಡೇನ್ರಿ?”

“ಅದು ನಂಗಲ್ರಿ ಮಾಸ್ತರ್. ಅಕ್ಷರ ಕಾಣವಲ್ದು ಅನ್ನೋ ಸಾವ್ಕಾರ್ರಿಗೆ ಇಟ್ಟೀನಿ.”

ಅದೇ ವರ್ಷ ಅವರಿಗೆ ವರ್ಗವಾಯಿತು. ಇಂದಿಗೂ ಗುಳಿಗೆಯ ಪಟ್ಟಿ ತಿರುವಿ ಬೆಲೆ ನೋಡುವಾಗ “ನೀವ ಓದ್ರಿ” ಎನ್ನುವ ಅವರ ದನಿ ಕೇಳಿಸುತ್ತದೆ. ಅಂದು ಅವರು ಮಾಡಿದ ಕೊನೆಯ ಕೆಲಸವೆಂದರೆ, ಕನ್ನಡಕವನ್ನು ಸ್ಯಾನಿಟೈಸರ್‌ನಿಂದ ಒರೆಸಿ, ಮರುದಿನದ ಅಂಗಡಿಗೆಂದು ಜೇಬಿಗಿಟ್ಟುಕೊಂಡದ್ದು.