ಚಿಗವ್ವನ ಸಾವಿನ ಮನೆಗಳು

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಸಾವಿನ ಮನೆಗೆ ಹೋಗುವುದರಲ್ಲಿ ಎತ್ತಿದ ಕೈ. ಬೆಳಗಾವಿಯ ವಡಗಾವಿಯಲ್ಲಿದ್ದ ಅವಳ ಓಣಿಯಲ್ಲಿ ಯಾರು ತೀರಿಕೊಂಡರೂ ಹೆಣಕ್ಕೆ ನೀರು ಹಾಕುವ ಮೊದಲೇ ಅವಳು ಹಾಜರು. ಬಾಜೂ ಓಣಿಯವರನ್ನೂ ಬಿಡುತ್ತಿರಲಿಲ್ಲ. ಪರಿಚಯ ಇರಲೇಬೇಕೆಂಬ ಹಟ ಅವಳಿಗಿರಲಿಲ್ಲ. ಹೋದವಳೇ ಹೆಂಗಸರ ನಡುವೆ ಕುಳಿತು, ಸತ್ತವರ ಸ್ವಂತ ಮಕ್ಕಳಿಗೆ ನಾಚಿಕೆಯಾಗುವಷ್ಟು ಅಳುತ್ತಿದ್ದಳು.

ಸ್ವಂತ ಮನೆಯಲ್ಲಿ ಮಾತ್ರ ಅಳಲು ಪರವಾನಗಿ ಇರಲಿಲ್ಲ. ಅವಳ ಕಣ್ಣು ಒದ್ದೆಯಾದರೆ ಸಾಕು, ಅವಳ ಗಂಡ, ನಮ್ಮ ಕಾಕಾ, ಮಗ್ಗ ನಿಲ್ಲಿಸಿ ಬಂದು ವಿಚಾರಣೆ ಶುರುಮಾಡುತ್ತಿದ್ದರು.

"ಉಣ್ಣಾಕ ಐತಿ, ಉಡಾಕ ಐತಿ. ನಾ ಏನರ ಅಂದ್ನೇನು? ಮತ್ತ್ಯಾಕ ಅಳ್ತಿ? ಕಾರಣ ಹೇಳು."

ಹೇಳಲು ಅವಳ ಬಳಿ ಕಾರಣವೇ ಇರಲಿಲ್ಲ. ಬೆಳಿಗ್ಗೆ ಏಳುವಾಗಲೇ ಎದೆ ಡವಡವ ಎನ್ನುತ್ತಿತ್ತು. ಕೆಲವು ವಾರ ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಶುಗರಿಗೆ, ಮೊಣಕಾಲು ನೋವಿಗೆ ಇದ್ದ ಮರ್ಯಾದೆ ಇದಕ್ಕೆ ಸಿಗಲಿಲ್ಲ. ಅವ್ವ ದೃಷ್ಟಿ ತೆಗೆದಳು. ಓದಿದವಳಾದ ನಾನು ಅದಕ್ಕಿಂತ ಕಡೆ, "ವಾಕಿಂಗ್ ಮಾಡು ಚಿಗವ್ವಾ" ಎಂದೆ.

ಒಮ್ಮೆ ಅವಳ ನೆರೆಮನೆಯಾಕೆಯ ತಂದೆ ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಲ್ಲಿ ತೀರಿಕೊಂಡರು. ಚಿಗವ್ವ ಹೊರಟಳು, ಜೊತೆಗೆ ನಾನೂ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದ ಆ ಅಜ್ಜನನ್ನು ಅವಳು ಹಿಂದೆ ಕಂಡೇ ಇರಲಿಲ್ಲ. ಆದರೂ ಎಂಥ ದನಿ ತೆಗೆದಳೆಂದರೆ, ಅಜ್ಜನ ಹೆಂಡತಿ ತನ್ನ ಅಳು ನಿಲ್ಲಿಸಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನನ್ನ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು.

"ಖರೇ ಹೇಳವಾ, ನಮ್ಮವರು ಬೆಳಗಾವ್ಯಾಗ ಈಕಿನ್ನ ಇಟ್ಕೊಂಡಿದ್ರೇನು?"

ತಿರುಗಿ ಬರುವಾಗ ಬಸ್ಸಿನಲ್ಲಿ ಇದನ್ನು ಹೇಳಿದೆ. ಖಾನಾಪುರ ಬರುವವರೆಗೂ ಚಿಗವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, "ಸತ್ತವರ ಮನ್ಯಾಗ ಅತ್ರ ಯಾರೂ ಯಾಕಂತ ಕೇಳಂಗಿಲ್ಲ ನೋಡವಾ. ನನಗ ಅಷ್ಟ ಸಾಕು" ಎಂದಳು. ನನ್ನ ವಾಕಿಂಗ್ ಸಲಹೆ ನೆನಪಾಗಿ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸಿತು.

ಮರುವಾರವೇ ಅವಳನ್ನು ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಆತಂಕ, ಖಿನ್ನತೆ ಎಂದು ಎರಡು ಹೆಸರು ಹೇಳಿ ಗುಳಿಗೆ ಬರೆದರು. ನಾನು ಅವಳಿಗೆ ಒಂದೇ ಮಾತು ಕೊಟ್ಟೆ: "ಅಳು ಬಂದ್ರ ನಮ್ಮ ಮನಿಗೆ ಬಾ. ಯಾಕಂತ ನಾ ಕೇಳಂಗಿಲ್ಲ."

ಬರುತ್ತಿದ್ದಳು. ಕಾಕಾ ತಾವೇ ಸ್ಕೂಟರಿನಲ್ಲಿ ತಂದು ಬಾಗಿಲಲ್ಲಿ ಇಳಿಸಿ, ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಅವಳು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತಿದ್ದೆ. ಕೇಳದೆ ಇರುವುದು ಎಷ್ಟು ಕಷ್ಟ ಎಂದು ನನಗೆ ಆಗಲೇ ತಿಳಿದದ್ದು. ಕೊನೆಗೆ ಅವಳೇ ಮೂಗು ಒರೆಸಿಕೊಂಡು, "ರೊಟ್ಟಿ ಹೊತ್ತಿಸಿದಿ ನೋಡು" ಎನ್ನುತ್ತಿದ್ದಳು.

ಹೋದ ವರ್ಷ ಚಿಗವ್ವ ಹಾರ್ಟ್ ಅಟ್ಯಾಕ್ ಆಗಿ ಹೋದಳು, ಎಲ್ಲರೂ ಮರ್ಯಾದೆ ಕೊಡುವಂಥ ಕಾಯಿಲೆಯಿಂದ. ಅವಳ ಮುಂದೆ ನಾವೆಲ್ಲ ಅತ್ತೆವು. ಅವಳ ಲೆಕ್ಕದಲ್ಲಿ ಅದು ತೀರಾ ಕಳಪೆ ಅಳು. ಕಾಕಾ ಮಾತ್ರ ಗೋಡೆ ನೋಡುತ್ತ ನಿಂತಿದ್ದರು.

ತಿಂಗಳಾದ ಮೇಲೆ ನಮ್ಮ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಕುರ್ಚಿ ಕೊಟ್ಟೆ, ಕಾಕಾ ಕೂರಲಿಲ್ಲ.

"ಆಕಿ ಎಲ್ಲಿ ಕುಂದರತಿದ್ಲು?"

ಅಡುಗೆಮನೆಯ ಮೂಲೆ ತೋರಿಸಿದೆ. ಅವರು ಅಲ್ಲಿ ಹೋಗಿ ಕುಳಿತರು. ನಾನು ಏನೂ ಕೇಳದೆ ಹಿಟ್ಟಿಗೆ ನೀರು ಹಾಕಿದೆ.