ಬೇಲಿಯಾಚೆಯ ಚೊಗರು

2003ನೇ ಇಸವಿ. ಆಗ ನಾನು ಶಿರಸಿಯ ಒಂದು ಸಲಹಾ ಸಂಸ್ಥೆಯಲ್ಲಿ ಪರಿಸರ ಇಂಜಿನಿಯರ್. ಕಾನಸೂರಿನ ಕಡೆ ಹಸಿ ಅಡಿಕೆ ಕೊಂಡು ಸುಲಿದು, ಬೇಯಿಸಿ, ಒಣಗಿಸಿ ಮಾರುವ ಕಾರ್ಖಾನೆಯೊಂದಕ್ಕೆ ಪರಿಸರ ನಿರ್ವಹಣೆಯ ಐಎಸ್‌ಒ 14001 ಪ್ರಮಾಣಪತ್ರ ಬೇಕಾಗಿತ್ತು. ಪರಿಸರದ ಮೇಲೆ ಪ್ರೀತಿ ಉಕ್ಕಿ ಬಂದದ್ದೇನಲ್ಲ, ದೊಡ್ಡ ಖರೀದಿದಾರರು ಕೇಳಿದ್ದರು. ಅದಕ್ಕೆ ಮೊದಲ ಹೆಜ್ಜೆ ಇನಿಷಿಯಲ್ ಎನ್ವಿರಾನ್‌ಮೆಂಟಲ್ ರಿವ್ಯೂ. ಸಂಸ್ಥೆಯಿಂದ ಏನೇನು ಹೊರಗೆ ಹೋಗುತ್ತದೆ, ಹೋದದ್ದು ಯಾರ ಮೇಲೆ ಬೀಳುತ್ತದೆ ಎಂದು ಮೊದಲ ಸಲ ಕಣ್ಣುಬಿಟ್ಟು ನೋಡುವ ಕೆಲಸ.

ಇಲ್ಲಿಯ ಕೊಳಚೆ ನೀರು ಯಾವುದು ಎಂದು ಕಾರ್ಖಾನೆಯವರನ್ನು ಕೇಳಿದೆ. ಕ್ಯಾಂಟೀನಿನದು, ಶೌಚಾಲಯದ್ದು ಎಂದರು. ಚೊಗರಿನ ಹೆಸರನ್ನೇ ಯಾರೂ ಎತ್ತಲಿಲ್ಲ. ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕಡುಗೆಂಪು ಒಗರು ನೀರೇ ಚೊಗರು. ಮನೆಗಳಲ್ಲಿ ಅದನ್ನು ಯಾರೂ ಚೆಲ್ಲುವುದಿಲ್ಲ. ಮುಂದಿನ ಅಡಿಕೆಗೆ ಬಣ್ಣ ಬರಲೆಂದು ಜೋಪಾನವಾಗಿ ಎತ್ತಿಡುತ್ತಾರೆ. ಹಾಗಾಗಿ ಅದೂ ಕೊಳಚೆಯಾದೀತು ಎಂದು ನಮ್ಮವರ ತಲೆಗೇ ಹೊಳೆಯುವುದಿಲ್ಲ. ಇಲ್ಲಿಯಾದರೋ ಸಾಲು ಸಾಲು ಹಂಡೆ, ಮಿಕ್ಕಿದ್ದೆಲ್ಲ ಹಿಂದಿನ ಹಳ್ಳಕ್ಕೆ.

ಹಳ್ಳದ ಗುಂಟ ಇಳಿದೆ. ಬೇಲಿಯಾಚೆ ಗೌರಿ ನಾಯ್ಕರ ಮನೆ. ನಮ್ಮ ಸೀಮೆಯಲ್ಲಿ ಯಾರೇ ಬರಲಿ, ಮೊದಲು "ಆಸರಿಗೆ ಎಂತ ಬೇಕು?" ಎಂದು ಕೇಳಿ ಕುಡಿಯಲು ಕೊಡುತ್ತಾರೆ. ಆಕೆ ಕೇಳಲಿಲ್ಲ. ಹಳ್ಳದ ಅಂಚಿನ ಬಾವಿಯಿಂದ ಒಂದು ಕೊಡ ಸೇದಿ ನನ್ನ ಮುಂದಿಟ್ಟರು. ಹಾಲು ಹಾಕದ ಚಹಾದ ಬಣ್ಣ.

"ಇದ್ರಲ್ಲಿ ಬೇಯ್ಸಿದ್ರೆ ಅನ್ನನೂ ಕಪ್ಪಾತದೆ ಸಾರ್. ಬಂದವ್ರಿಗೆ ಆಸರಿಗೆ ಕೊಡೂಕೂ ನಾಚ್ಕೆ. ನೀವಾದ್ರೂ ಬರೀರಿ."

ಬರೆದೆ. ಚೊಗರನ್ನು ಹಳ್ಳಕ್ಕೆ ಬಿಡಬಾರದು, ಬಾವಿ ತಿಳಿಯಾಗುವವರೆಗೆ ಆ ಮನೆಗೆ ಪೈಪ್ ಹಾಕಿ ಒಳ್ಳೆಯ ನೀರು ಕೊಡಬೇಕು ಎಂದು ದಪ್ಪಕ್ಷರದಲ್ಲೇ ಬರೆದೆ. ಮಾಲೀಕ ಹೆಗಡೇರು ಓದಿ ನಕ್ಕರು.

"ಚೊಗರು ಎಂತ ವಿಷನ ಭಟ್ರೆ? ಅದ್ನ ಕೊಳಚೆ ಹೇಳಿ ಬರದ್ರೆ ಊರವ್ವು ನಗ್ತ."

ಒಂದಕ್ಷರ ತೆಗೆಯುವುದಿಲ್ಲ ಎಂದೆ. ಅವರು ತೆಗೆಯಿರಿ ಎನ್ನಲೂ ಇಲ್ಲ. ಬೇಯಿಸುವ ಶೆಡ್ಡನ್ನು ಹೆಂಡತಿಯ ತಮ್ಮನಿಗೆ ಗುತ್ತಿಗೆ ಬರೆದುಕೊಟ್ಟರು, ಅಷ್ಟೆ. ಈ ವ್ಯವಸ್ಥೆಯಲ್ಲಿ ಸ್ಕೋಪ್ ಎಂಬುದೊಂದಿದೆ, ಅಂದರೆ ಪರಿಶೀಲನೆಯ ಎಲ್ಲೆ. ಅದನ್ನು ಎಳೆಯುವುದು ಸಂಸ್ಥೆಯೇ. ಹೊಸ ಎಲ್ಲೆಯಲ್ಲಿ ಸುಲಿಯುವುದು, ಒಣಗಿಸುವುದು, ಪ್ಯಾಕಿಂಗ್ ಒಳಗೆ, ಬೇಯಿಸುವುದು ಹೊರಗೆ. ಬೇರೊಬ್ಬ ಸಲಹೆಗಾರ ಬಂದು ಹೊಸ ರಿವ್ಯೂ ಬರೆದುಕೊಟ್ಟ. ಹಂಡೆಗಳು ಇದ್ದಲ್ಲೇ ಇದ್ದವು, ಹಳ್ಳವೂ.

ಪ್ರಮಾಣಪತ್ರ ಬಂತು. ಸಮಾರಂಭಕ್ಕೆ ನನ್ನನ್ನೂ ಕರೆದರು, ನಾಚಿಕೆಗೆಟ್ಟ ಜನ. ವೇದಿಕೆಯಲ್ಲಿ ಎಲ್ಲರ ಮುಂದೆ ಬಾಟಲಿ ನೀರು. ಭಾಷಣದ ನಡುವೆಯೇ ಎದ್ದು ಹಳ್ಳದ ದಾರಿ ಹಿಡಿದೆ.

ಗೌರಿಯವರಿಗೆ ಸಂಗತಿ ಮೊದಲೇ ಗೊತ್ತಿತ್ತು. ಒಳಗೆ ಹೋಗಿ ಬೆಲ್ಲದ ತುಂಡು, ಒಂದು ತಂಬಿಗೆ ತಿಳಿನೀರು ತಂದಿಟ್ಟರು. ನಾನು ಮುಟ್ಟದೆ ಕೂತದ್ದನ್ನು ಕಂಡು ಹೇಳಿದರು: "ಕುಡೀರಿ ಸಾರ್, ನಮ್ಮ ಬಾವೀದಲ್ಲ. ಗುಡ್ಡದಾಚೆಯಿಂದ ಹೊತ್ಕಂಡು ಬಂದದ್ದು."

ಈಗ ಈ ಕೆಲಸಕ್ಕೆ ಹೊರಟ ಕಿರಿಯರು ಸಲಹೆ ಕೇಳುತ್ತಾರೆ. ಹೇಳುವುದು ಇಷ್ಟೇ: ಎಲ್ಲೆಯ ಗೀರು ಎಳೆದವರು ಯಾರೆಂದು ಮೊದಲು ನೋಡಿ. ಆಮೇಲೆ ಅದನ್ನು ದಾಟಿ ಹೋಗಿ, ಅಲ್ಲಿಯ ಮನೆಯಲ್ಲಿ ಆಸರಿಗೆ ಕೇಳಿ.